ಕಂಪ್ಯೂಟರ್ ಎಮ್ಮೆಗೆ ಗೊಡ್ಡು ಬೀಳುವ ಭಯವಿಲ್ಲ!

ಎಮ್ಮೆ ಸಾಕಿದರೆ ಕೈತುಂಬ ಲಾಭ! ಹೀಗೆಂದು ನನಗೆ ಹೇಳಿದವನು ಹಾಲಿನ ಡೇರಿ ಸೆಕ್ರೆಟರಿಯಲ್ಲ, ದನದ ಡಾಕ್ಟರಲ್ಲ, ಹುಟ್ಟಿದಾಗಿನಿಂದ ಎಮ್ಮೆ ಮೈ ತೊಳೆದ ರೈತನೂ ಅಲ್ಲ. ಹತ್ತೊಂಬತ್ತು ವರ್ಷದ ನನ್ನ ಅಕ್ಕನ ಮಗ. ಅವನಿಗೆ ಹೇಳಿದ್ದು ಯಾರು ಅಂತೀರಿ? ಸ್ವಿಟ್ಜರ್ಲೆಂಡಿನವರು ಮಾಡಿದ ಒಂದು ಕಂಪ್ಯೂಟರ್ ಆಟ!

ನಗಬೇಡಿ ಬಂಧುಗಳೇ. ಮೊದಲು ನಾನೂ ನಕ್ಕೆ. ಅವನು ಸಾಲದ ಅರ್ಜಿ ಹಿಡಿದುಕೊಂಡು ಪ್ರೆಸ್ಸಿಗೆ ಬಂದು, "ಮಾವ, ಹತ್ತು ಎಮ್ಮೆ ತರ್ತೀನಿ, ನೀವು ಜಾಮೀನು ಹಾಕ್ಬೇಕು" ಎಂದಾಗ ನಗು ಅಲ್ಲೇ ನಿಂತಿತು.

ನನ್ನದು ತಿಪಟೂರಿನ ಕಡೆ ಒಂದು ಸಣ್ಣ ಮುದ್ರಣಾಲಯ. ಪಿಯುಸಿ ಮುಗಿಸಿದವನು ಅಪ್ಪನ ಟ್ರೆಡಲ್ ಮಷೀನಿನ ಪಕ್ಕ ಬಂದು ನಿಂತೆ, ಇವತ್ತಿಗೂ ಅಲ್ಲೇ ನಿಂತಿದ್ದೇನೆ, ಮಷೀನು ಮಾತ್ರ ಬದಲಾಗಿದೆ. ಮದುವೆ ಕಾಗದ, ಬಿಲ್ ಬುಕ್ಕು, ತಿಥಿ ಕಾರ್ಡು. ಇದರ ಜೊತೆಗೆ ಸುತ್ತಮುತ್ತಲ ಹಾಲಿನ ಸಂಘಗಳ ಪಾಸ್‌ಬುಕ್ಕು ನನ್ನ ಅನ್ನ. ಈಗ ಎಷ್ಟೋ ಕಡೆ ಮಷೀನೇ ಚೀಟಿ ಉಗುಳುತ್ತದೆ, ಆದರೂ ಕೈಯಲ್ಲಿ ಬರೆದ ಪುಸ್ತಕ ಇರಲಿ ಎನ್ನುವವರು ಇದ್ದಾರೆ. ತಾರೀಖು, ಬೆಳಗ್ಗೆ, ಸಂಜೆ, ಲೀಟರು, ಡಿಗ್ರಿ, ಫ್ಯಾಟು, ದರ, ಮೊತ್ತ. ಈ ಎಂಟು ಕಾಲಂ ಎಳೆದು ಎಳೆದು ನನ್ನ ಕಣ್ಣಿಗೆ ಕಟ್ಟಿಹೋಗಿದೆ. ಹಾಗಾಗಿ ಯಾರೇ ಹಾಲಿನ ಲಾಭದ ಮಾತಾಡಲಿ, ಅವರ ಕಾಲಂ ಎಷ್ಟು ಎಂದು ನೋಡುವುದು ನನಗೆ ಅಭ್ಯಾಸ.

ಆ ಹುಡುಗ ಆಟ ಆಡುವುದು ನನ್ನ ಪ್ರೆಸ್ಸಿನ ಕಂಪ್ಯೂಟರಿನಲ್ಲೇ. ಮದುವೆ ಆಲ್ಬಂ ಡಿಸೈನಿಗೆಂದು ಸಾಲ ಮಾಡಿ ಹಾಕಿಸಿದ ಗ್ರಾಫಿಕ್ ಕಾರ್ಡು ಅದರಲ್ಲಿದೆ. ರಾತ್ರಿ ಶಟರ್ ಎಳೆದ ಮೇಲೆ ಅದು ಎಮ್ಮೆಯ ಕೊಟ್ಟಿಗೆಯಾಗುತ್ತದೆ! ಜಾಮೀನು ಹಾಕುವ ಮೊದಲು ನೋಡೇಬಿಡೋಣ ಎಂದು ಮೂರು ರಾತ್ರಿ ಅವನ ಪಕ್ಕ ಸ್ಟೂಲು ಹಾಕಿಕೊಂಡು ಕೂತೆ.

ಆಟದ ಹೆಸರು ಫಾರ್ಮಿಂಗ್ ಸಿಮ್ಯುಲೇಟರ್. ಮಾಡಿದವರು ಜೈಂಟ್ಸ್ ಸಾಫ್ಟ್‌ವೇರ್ ಎಂಬ ಸ್ವಿಸ್ ಕಂಪನಿ. ಮೊದಲ ಆಟ ಬಂದದ್ದು 2008ರಲ್ಲಿ. ಅಂದಿನಿಂದ ಟ್ರ್ಯಾಕ್ಟರು, ಕಟಾವು ಯಂತ್ರ, ಹಸು, ಕುರಿ, ಕೋಳಿ, ಹಂದಿ ಎಂದು ಸೇರಿಸುತ್ತ ಬಂದರು. 2024ರ ನವೆಂಬರ್ 12ರಂದು ಬಿಟ್ಟ ಫಾರ್ಮಿಂಗ್ ಸಿಮ್ಯುಲೇಟರ್ 25ರಲ್ಲಿ ಭತ್ತದ ಗದ್ದೆ ಬಂತು, ಮೇಕೆ ಬಂತು, ನಮ್ಮ ಎಮ್ಮೆಯೂ ಬಂತು. ಪೂರ್ವ ಏಷ್ಯಾದ ಹಾಗೆ ಕಾಣುವ ಹುಟಾನ್ ಪಂಟೈ ಎಂಬ ಊರನ್ನೂ ಕಟ್ಟಿಕೊಟ್ಟಿದ್ದಾರೆ. ಹಸಿರು ಗದ್ದೆ, ನೀರು, ಗುಡ್ಡ. ಚಂದ ಇದೆ, ಇಲ್ಲ ಅನ್ನಲಾರೆ.

ಎಮ್ಮೆಯಿಂದ ದುಡ್ಡು ಮಾಡುವುದು ಹೇಗೆ? ವ್ಯಾಪಾರಿಯ ಹತ್ತಿರ ಹೋದರೆ ಪರದೆ ಮೇಲೆ ವಯಸ್ಸು, ಆರೋಗ್ಯ, ಬೆಲೆ ಎಲ್ಲ ಬರೆದಿರುತ್ತದೆ. ಕೊಂಡು ಕೊಟ್ಟಿಗೆಗೆ ಬಿಡುವುದು. ಬರೀ ಹಸಿ ಹುಲ್ಲು ಹಾಕಿದರೆ ಇಳುವರಿ ಕಡಿಮೆ, ಒಣಹುಲ್ಲು ಹಾಕಿದರೆ ಸ್ವಲ್ಪ ಮೇಲು. ರಸಮೇವು, ಒಣಹುಲ್ಲು, ಗೋಧಿ ಹುಲ್ಲು, ಖನಿಜದ ಪುಡಿ ಎಲ್ಲ ಯಂತ್ರದಲ್ಲಿ ಕಲಸಿ ಸುರಿದರೆ ಪೂರ್ತಿ ಹಾಲು. ಹಾಲನ್ನು ಟ್ಯಾಂಕರಿನಲ್ಲಿ ತುಂಬಿ ಮಾರಬಹುದು. ಇಲ್ಲ, ಡೇರಿಗೆ ಒಯ್ದು ಮೊಜ್ಜರೆಲ್ಲ ಎಂಬ ಚೀಸ್ ಮಾಡಿಸಿ ಮಾರಬಹುದು. ಆಟ ಬಲ್ಲವರು ಹೋಗುವುದು ಆ ದಾರಿಯಲ್ಲೇ. ಸಗಣಿ ಗೊಬ್ಬರವಾಗುತ್ತದೆ, ಬಗ್ಗಡ ಬೇರೆ ಟ್ಯಾಂಕಿಗೆ ಹೋಗುತ್ತದೆ, ಅದೂ ಹೊಲಕ್ಕೆ. ಎಮ್ಮೆ ಆರೋಗ್ಯವಾಗಿದ್ದು ಕೊಟ್ಟಿಗೆಯಲ್ಲಿ ಜಾಗ ಇದ್ದರೆ ತಾನೇ ತಾನಾಗಿ ಮರಿ ಹಾಕುತ್ತದೆ. ಕರುವನ್ನು ಬೆಳೆಸಿ ಮಾರಿದರೆ ಅದೊಂದು ದುಡ್ಡು. ತಿಂಗಳ ಕೊನೆಗೆ ಬರುವುದು ಇಷ್ಟು, ಹೋಗುವುದು ಇಷ್ಟು ಎಂದು ಪಟ್ಟಿ ಬರುತ್ತದೆ.

ಮೊದಲು ಒಂದು ಒಳ್ಳೆ ಮಾತು ಹೇಳಿಬಿಡುತ್ತೇನೆ. ಹಾಲಿಗೆ ದಾರಿ ಮೇವು, ಮೇವಿಗೆ ದಾರಿ ಹೊಲ, ಹೊಲಕ್ಕೆ ದಾರಿ ಗೊಬ್ಬರ ಎಂದು ಒಂದು ಸುತ್ತು ತೋರಿಸಿಕೊಟ್ಟಿದ್ದಾರಲ್ಲ, ಅದು ಸರಿ ಇದೆ. ಎಮ್ಮೆ ಹಾಲು ಬೇರೆ, ಹಸುವಿನ ಹಾಲು ಬೇರೆ ಎಂದು ಲೆಕ್ಕ ಇಟ್ಟಿದ್ದಾರೆ. ನಮ್ಮಲ್ಲಿ ಎರಡನ್ನೂ ಒಂದೇ ಕ್ಯಾನಿಗೆ ಸುರಿಯುವ ಮಹಾನುಭಾವರಿಗಿಂತ ವಾಸಿ!

ಇನ್ನು ಹೇಳಬೇಕಾದ್ದು ಹೇಳುತ್ತೇನೆ.

ಆ ಆಟದಲ್ಲಿ ಕೋಣ ಇಲ್ಲ! ಬೆದೆ ಇಲ್ಲ, ಕೋಣ ಹಾರಿಸುವುದಿಲ್ಲ, ಇಂಜೆಕ್ಷನ್ ಕೊಡಿಸುವುದಿಲ್ಲ, ಆದರೂ ಕರು ಹುಟ್ಟುತ್ತದೆ. ಗಂಡುಗರು ಹುಟ್ಟುವುದಿಲ್ಲ. ರೋಗ ಇಲ್ಲ. ಕಾಲುಬಾಯಿ ಜ್ವರ ಗೊತ್ತಿಲ್ಲ, ಗಳಲೆ ರೋಗ ಗೊತ್ತಿಲ್ಲ, ಕೆಚ್ಚಲು ಬಾವು ಗೊತ್ತಿಲ್ಲ. ಮೇವು ಹಾಕದಿದ್ದರೆ ಹಾಲು ಕಡಿಮೆಯಾಗುತ್ತದೆಯೇ ಹೊರತು ಎಮ್ಮೆ ಸಾಯುವುದಿಲ್ಲ. ಬೇಸಿಗೆಯಲ್ಲಿ ಅದನ್ನು ಕೆರೆಗೆ ಹೊಡೆದು ನೀರಿನಲ್ಲಿ ಮಲಗಿಸುವ ಕೆಲಸ ಇಲ್ಲ. ಕರಿ ಚರ್ಮ, ಬೆವರು ಸರಿಯಾಗಿ ಬಾರದ ಮೈ. ನೀರು, ನೆರಳು, ಕೆಸರು ಇಲ್ಲದಿದ್ದರೆ ಎಮ್ಮೆ ಮೇವನ್ನೇ ಬಿಡುತ್ತದೆ ಎಂಬುದು ನಮ್ಮೂರ ಮಕ್ಕಳಿಗೂ ಗೊತ್ತು. ಇನ್ನು ಕಾಲ. ಆಟ ಶುರುವಾಗುವಾಗ ಒಂದು ತಿಂಗಳಿಗೆ ಒಂದೇ ದಿನ. ಆ ದಿನವನ್ನೂ ಮಲಗಿಸಿ ಓಡಿಸಬಹುದು. ಎಡವಿದರೆ ಹಿಂದೆ ಉಳಿಸಿಟ್ಟ ಆಟಕ್ಕೆ ಹೋಗಿ ಮತ್ತೆ ಶುರು ಮಾಡಬಹುದು. ಬ್ಯಾಂಕಿನ ಮ್ಯಾನೇಜರು ಹಾಗೆ ಹಿಂದಕ್ಕೆ ಹೋಗಲು ಬಿಡುತ್ತಾನೆಯೇ ಸ್ವಾಮಿ?

ಸಹಜವಾಗಿ ನನ್ನ ಕಣ್ಣು ಹೋದದ್ದು ಫ್ಯಾಟಿನ ಕಾಲಮಿನ ಕಡೆಗೆ. ಇಲ್ಲ! ಆಟದಲ್ಲಿ ಫ್ಯಾಟೇ ಇಲ್ಲ. ಎಮ್ಮೆ ಹಾಲಿಗೆ ಬೆಲೆ ಬರುವುದೇ ಜಿಡ್ಡಿನಿಂದ. ಹಸುವಿನ ಹಾಲಿನಲ್ಲಿ ಮೂರೂವರೆ ನಾಲ್ಕು ಇದ್ದರೆ, ಎಮ್ಮೆ ಹಾಲಿನಲ್ಲಿ ಆರು, ಏಳು, ಕೆಲವೊಮ್ಮೆ ಎಂಟೂ ಇರುತ್ತದೆ. ಬೆಳಗ್ಗೆ ಒಂದು, ಸಂಜೆ ಒಂದು. ಕೊನೆಯ ಹನಿಯವರೆಗೆ ಕರೆದರೆ ಒಂದು, ಅವಸರದಲ್ಲಿ ಬಿಟ್ಟೆದ್ದರೆ ಒಂದು. ಕೊನೆಗೆ ಬರುವ ಹಾಲೇ ಗಟ್ಟಿ. ಕರುವಿಗೆ ಎಷ್ಟು ಬಿಡಬೇಕು, ಕ್ಯಾನಿಗೆ ಎಷ್ಟು ಕರೆಯಬೇಕು ಎಂಬ ಜಗಳ ದಿನವೂ ಎರಡು ಸಲ ನಡೆಯುತ್ತದೆ. ನಾನು ಮುದ್ರಿಸುವ ಪಾಸ್‌ಬುಕ್ಕಿನಲ್ಲಿ ಆ ಒಂದು ಕಾಲಂ ತೆಗೆದುಹಾಕಿ ಕೊಟ್ಟರೆ ಸಂಘದವರು ಪುಸ್ತಕವನ್ನು ನನ್ನ ಮುಖಕ್ಕೆ ಎಸೆಯುತ್ತಾರೆ!

ಹುಡುಗನ ಅರ್ಜಿಯ ಹಿಂದೆ ಒಂದು ಲೆಕ್ಕದ ಹಾಳೆ ಇತ್ತು. ಹತ್ತು ಎಮ್ಮೆ, ತಲಾ ಎಂಟು ಲೀಟರು, ವರ್ಷಕ್ಕೆ 365 ದಿನ, ಲೀಟರಿಗೆ 50 ರೂಪಾಯಿ. ಒಟ್ಟು 14,60,000 ರೂಪಾಯಿ. ಗುಣಾಕಾರ ಸರಿಯಾಗೇ ಇದೆ. ಎಮ್ಮೆ ಮಾತ್ರ ತಪ್ಪು!

ನಾನು ಅದೇ ಹಾಳೆಯ ಬೆನ್ನಿಗೆ ಬರೆದೆ. ಸಂತೆಯಲ್ಲಿ ಎಂಟು ಲೀಟರ್ ಎಮ್ಮೆ ಎಂದರೆ ಕರು ಹಾಕಿ ತಿಂಗಳು ಎರಡು ತಿಂಗಳಾದಾಗ, ಹಾಲು ಏರಿದಾಗ ಕೊಡುವ ಲೆಕ್ಕ. ಆಮೇಲೆ ಇಳಿಯುತ್ತ ಹೋಗುತ್ತದೆ. ಸೂಲು ಪೂರ್ತಿಗೆ ಸರಾಸರಿ ಐದೂವರೆ ಎಂದು ಇಟ್ಟುಕೊಳ್ಳೋಣ. ಕರೆಯುವ ದಿನ 290 ಎನ್ನೋಣ. ಅಲ್ಲಿಗೆ ಸುಮಾರು 1,600 ಲೀಟರು. ಈಗ ಮುಂದಿನ ಕರು ಯಾವಾಗ? ಎಮ್ಮೆ ಗಬ್ಬ ಹೊರುವುದು ಸುಮಾರು 310 ದಿನ, ಹಸುವಿಗಿಂತ ಒಂದು ತಿಂಗಳು ಹೆಚ್ಚು. ಅದು ಮತ್ತೆ ಬೆದೆಗೆ ಬರಬೇಕು, ಬಂದದ್ದು ನಮಗೆ ಗೊತ್ತಾಗಬೇಕು. ಹಸು ಕೂಗಿ ಹೇಳುತ್ತದೆ. ಎಮ್ಮೆ, ಅದರಲ್ಲೂ ಬೇಸಿಗೆಯಲ್ಲಿ, ಬಾಯೇ ಬಿಡುವುದಿಲ್ಲ. ಬೆಳಗಿನ ಜಾವ ಎದ್ದು ನೋಡಿದವನಿಗೆ ಕಂಡರೆ ಕಂಡಿತು, ಇಲ್ಲದಿದ್ದರೆ ಇಪ್ಪತ್ತೊಂದು ದಿನ ಹೋಯಿತು. ಹೀಗೆ ಒಂದು ಕರುವಿನಿಂದ ಇನ್ನೊಂದು ಕರುವಿಗೆ ಹದಿನೈದು ತಿಂಗಳು, ಅಂದರೆ 450 ದಿನ ಎಂದರೆ ಅದು ಒಳ್ಳೆ ಎಮ್ಮೆ, ಒಳ್ಳೆ ಯಜಮಾನ. ಆ 1,600 ಲೀಟರನ್ನು 450 ದಿನಕ್ಕೆ ಹಂಚಿದರೆ ದಿನಕ್ಕೆ ಮೂರೂವರೆ ಲೀಟರು. ಎಂಟು ಎಲ್ಲಿ, ಮೂರೂವರೆ ಎಲ್ಲಿ? 14,60,000 ಇದ್ದದ್ದು 6,38,750 ಆಯಿತು. ಇನ್ನೂ ಹಿಂಡಿ ಬೂಸಾ ತೆಗೆದಿಲ್ಲ, ಔಷಧಿ ತೆಗೆದಿಲ್ಲ, ವಿಮೆ ತೆಗೆದಿಲ್ಲ, ಸಾಲದ ಕಂತು ತೆಗೆದಿಲ್ಲ, ಕರು ಕುಡಿದ ಹಾಲು ತೆಗೆದಿಲ್ಲ. ಹಾಲು ಬತ್ತಿದ ಆ ಐದು ತಿಂಗಳೂ ಎಮ್ಮೆ ಉಪವಾಸ ಇರುವುದಿಲ್ಲ ಎಂಬುದನ್ನೂ ಸೇರಿಸಿಲ್ಲ.

ಹುಡುಗ ಹಾಳೆ ನೋಡಿದ. "ಮಾವ, ಇದೆಲ್ಲ ಗೇಮಲ್ಲಿ ಯಾಕಿಲ್ಲ?" ಎಂದ.

ಯಾಕಿದ್ದೀತು? ಆಟ ಕಟ್ಟಿದವರಿಗೆ ಗೊತ್ತಿರುವ ಎಮ್ಮೆ ಬೇರೆ. ಇಟಲಿಯ ಕಂಪಾನಿಯಾ ಸೀಮೆಯಲ್ಲಿ ಎಮ್ಮೆ ಹಾಲಿನಿಂದ ಮೊಜ್ಜರೆಲ್ಲ ಮಾಡುತ್ತಾರೆ. ಆ ಊರಿನ ಚೀಸಿಗೆ 1996ರಲ್ಲಿ ಯುರೋಪಿನವರು ಹೆಸರಿನ ರಕ್ಷಣೆಯನ್ನೂ ಕೊಟ್ಟರು, ಬೇರೆ ಊರಿನವರು ಆ ಹೆಸರು ಬಳಸುವ ಹಾಗಿಲ್ಲ. ಯುರೋಪಿನವನಿಗೆ ಎಮ್ಮೆ ಎಂದರೆ ಮೊದಲು ಕಣ್ಣಿಗೆ ಬರುವುದು ಆ ಬಿಳಿ ಉಂಡೆ. ಸರಿ, ಅದನ್ನು ತಂದು ಭತ್ತದ ಗದ್ದೆಯ ಊರಿನ ಪಕ್ಕ ಇಟ್ಟುಬಿಟ್ಟರು! ಅಸಲಿಗೆ ಎಮ್ಮೆಯಲ್ಲೇ ಎರಡು ಜಾತಿ. ನಮ್ಮ ಮುರ್ರಾ, ಸುರ್ತಿ, ಧಾರವಾಡಿ, ಇಟಲಿಯದು ಕೂಡ, ಇವೆಲ್ಲ ಹೊಳೆ ಎಮ್ಮೆ, ಹಾಲಿನವು. ಪೂರ್ವಕ್ಕೆ ಹೋದರೆ ಇಂಡೋನೇಷ್ಯಾ, ಫಿಲಿಪೈನ್ಸ್, ವಿಯೆಟ್ನಾಂ ಕಡೆ ಹೆಚ್ಚಾಗಿ ಇರುವುದು ಜೌಗು ಎಮ್ಮೆ. ಅದು ಗದ್ದೆ ಉಳುವುದಕ್ಕೆ ಹುಟ್ಟಿದ್ದು. ಹಾಲು ಕೊಡುವುದು ಅದರ ಕರುವಿಗೆ ಸಾಕಾಗುವಷ್ಟು. ಎರಡರ ವರ್ಣತಂತುವಿನ ಲೆಕ್ಕವೇ ಬೇರೆ, ಹೊಳೆಯದಕ್ಕೆ 50, ಜೌಗಿನದಕ್ಕೆ 48. ಆಟದಲ್ಲಿ ಈ ಭೇದವೇ ಇಲ್ಲ. ಎಲ್ಲ ಒಂದೇ ಎಮ್ಮೆ. ಇನ್ನೊಂದು ತಮಾಷೆ ನೋಡಿ, ಭತ್ತವೂ ಇದೆ, ಎಮ್ಮೆಯೂ ಇದೆ, ಆದರೆ ಎಮ್ಮೆಯನ್ನು ನೊಗಕ್ಕೆ ಕಟ್ಟುವ ಹಾಗಿಲ್ಲ. ಉಳುವುದೆಲ್ಲ ಟ್ರ್ಯಾಕ್ಟರು. ಟ್ರ್ಯಾಕ್ಟರ್ ಕಂಪನಿಗಳ ಹೆಸರು, ಬಣ್ಣ, ಚಕ್ರದ ಬೋಲ್ಟು ಮೊದಲುಗೊಂಡು ಅಸಲಿಯಂತೆ ಮಾಡಿದ್ದಾರೆ. ಎಮ್ಮೆಯ ವಿಷಯಕ್ಕೆ ಬಂದರೆ ಮಾತ್ರ ಬೋಲ್ಟು ಸಡಿಲ!

ಈಗ ನಮ್ಮ ಪತ್ರಿಕೆಯ ಓದುಗರು ಕಾಯುತ್ತಿರುವ ಪ್ರಶ್ನೆ. ಕನ್ನಡ ಇದೆಯೇ? ಇಲ್ಲ. ಜರ್ಮನ್, ಫ್ರೆಂಚ್, ಇಟಾಲಿಯನ್, ಪೋಲಿಷ್, ಜೆಕ್, ಹಂಗೇರಿಯನ್, ಟರ್ಕಿಷ್, ಜಪಾನೀ ಎಂದು ಪಟ್ಟಿ ಉದ್ದಕ್ಕೆ ಹೋಗುತ್ತದೆ, ಭಾರತದ ಒಂದು ಭಾಷೆಯೂ ಇಲ್ಲ. ದುಡ್ಡು ತೋರಿಸುವುದೂ ಯುರೋ, ಡಾಲರ್, ಪೌಂಡಿನಲ್ಲಿ, ರೂಪಾಯಿ ಇಲ್ಲ. ಹಂಗೇರಿಯ ಜನಸಂಖ್ಯೆ ಒಂದು ಕೋಟಿಯ ಒಳಗೆ. ಕನ್ನಡ ತಾಯಿನುಡಿ ಎಂದು 2011ರ ಜನಗಣತಿಯಲ್ಲಿ ಬರೆಸಿದವರು 4.37 ಕೋಟಿ. 2019ರ ಜಾನುವಾರು ಗಣತಿಯಲ್ಲಿ ಭಾರತದ ಎಮ್ಮೆಗಳು 10.98 ಕೋಟಿ, ಜಗತ್ತಿನ ಎಮ್ಮೆಗಳಲ್ಲಿ ಅರ್ಧಕ್ಕಿಂತ ಹೆಚ್ಚು. ಜಗತ್ತಿನ ಅರ್ಧ ಎಮ್ಮೆಗೆ ಅರ್ಥವಾಗುವ ಒಂದು ಭಾಷೆಯೂ ಎಮ್ಮೆಯ ಆಟದಲ್ಲಿಲ್ಲ! ಹಂಗೇರಿಯವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ನಮ್ಮ ಹುಡುಗರು ಬೇಕು ಎಂದು ಒಂದು ಕಾಗದ ಬರೆಯದೆ ಇರುವಾಗ ಸ್ವಿಟ್ಜರ್ಲೆಂಡಿನವನಿಗೆ ಕನಸು ಬೀಳುತ್ತದೆಯೇ?

ಇದು ಬರೀ ಅಭಿಮಾನದ ಮಾತಲ್ಲ, ದುಡ್ಡಿನ ಮಾತು. ನಾನು ಹುಡುಗನನ್ನು ಕೇಳಿದೆ, "ಸೂಲು ಅಂದ್ರೆ ಏನೋ?" ಗೊತ್ತಿಲ್ಲ. ಮಣಕ? ಗೊತ್ತಿಲ್ಲ. ಸೊರೆ ಬಿಡೋದು? ಕಣ್ಣು ಕಣ್ಣು ಬಿಟ್ಟ. ಪ್ರೊಡಕ್ಟಿವಿಟಿ, ರಿಪ್ರೊಡಕ್ಷನ್, ಹೆಲ್ತ್ ಎಂದರೆ ಪಟಪಟ ಹೇಳುತ್ತಾನೆ. ಇವನು ನಾಳೆ ಸಂತೆಗೆ ಹೋಗುತ್ತಾನೆ. ಅಲ್ಲಿ ದಲ್ಲಾಳಿ ಟವೆಲಿನ ಒಳಗೆ ಬೆರಳು ಹಿಡಿದು, "ಎರಡನೇ ಸೂಲು, ಆರು ತಿಂಗಳ ಗಬ್ಬ, ಸಾಧು ಎಮ್ಮೆ, ಯಾರು ಕೂತ್ರೂ ಸೊರೆ ಬಿಡುತ್ತೆ" ಎನ್ನುತ್ತಾನೆ. ಆ ಒಂದೊಂದು ಮಾತಿಗೂ ಹತ್ತಿಪ್ಪತ್ತು ಸಾವಿರ ಬೆಲೆ! ಸೂಲು ಎಷ್ಟೆಂದು ಕೊಂಬಿನ ಬಳೆ, ಬಾಯಿಯ ಹಲ್ಲು ನೋಡಿ ತಾಳೆ ಹಾಕಬೇಕು. ಗಬ್ಬ ನಿಜವೋ ಎಂದು ಡಾಕ್ಟರ ಕೈಯಲ್ಲಿ ಪರೀಕ್ಷೆ ಮಾಡಿಸಬೇಕು. ಸೊರೆ ಬಿಡುತ್ತದೋ ಎಂದು ತಾನೇ ಕೂತು ಎರಡು ಹೊತ್ತು ಕರೆದು ನೋಡಬೇಕು. ಮಾತೇ ಗೊತ್ತಿಲ್ಲದವನು ಏನನ್ನು ಕೇಳಿಯಾನು? ತಲೆಮಾರುಗಳು ಎಮ್ಮೆಯ ಹಿಂದೆ ಓಡಾಡಿ ಕಂಡುಕೊಂಡ ಮೋಸ, ನಷ್ಟ, ಉಪಾಯ ಎಲ್ಲ ಆ ಮಾತುಗಳಲ್ಲಿ ಕೂತಿದೆ. ನಮ್ಮ ಮಕ್ಕಳು ಸಂತೆಯಲ್ಲಿ ಮೂಕರಾದರೆ ದಲ್ಲಾಳಿಗೆ ಹಬ್ಬ.

ಆಟವನ್ನು ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ನಿಲ್ಲಿಸಿದರೆ ಬರುವ ಭಾಗ್ಯ ಏನು? ಆ ಹುಡುಗ ನನಗೆ ತಿರುಗಿ ಕೊಟ್ಟ ಏಟೊಂದನ್ನೂ ಇಲ್ಲಿ ಬರೆಯದೆ ಹೋದರೆ ಅನ್ಯಾಯವಾಗುತ್ತದೆ. "ಸರಿ ಮಾವ, ಗೇಮಲ್ಲಿ ಸಗಣಿಗೂ ಲೆಕ್ಕ ಇದೆ. ನಮ್ಮಮ್ಮ ಇಪ್ಪತ್ತು ವರ್ಷ ಎಮ್ಮೆ ಕಟ್ಟಿದ್ಲಲ್ಲ, ಒಂದು ದಿನ ಲೆಕ್ಕ ಬರೆದಿದ್ದಾಳಾ? ನಿಮ್ಮ ಪಾಸ್‌ಬುಕ್ಕಲ್ಲಿ ಹಿಂಡಿಗೆ ಕಾಲಂ ಎಲ್ಲಿದೆ?"

ಬಾಯಿ ಮುಚ್ಚಿಕೊಂಡೆ. ನಿಜ, ನನ್ನ ಎಂಟು ಕಾಲಮಿನಲ್ಲಿ ಬರುವ ದುಡ್ಡು ಮಾತ್ರ ಇದೆ, ಹೋಗುವ ದುಡ್ಡಿಗೆ ಜಾಗವೇ ಇಲ್ಲ! ಇಷ್ಟು ವರ್ಷ ಸಾವಿರಾರು ಪುಸ್ತಕ ಛಾಪಿಸಿದವನಿಗೆ ಇದು ಹೊಳೆಯಲಿಲ್ಲ.

ಅಕ್ಕನನ್ನು ಕೇಳಲು ಊರಿಗೆ ಹೋದೆ. ಅವಳು ಕೊನೆಯ ಎಮ್ಮೆ ಮಾರಿದ್ದು 2021ರಲ್ಲಿ, ಮಂಡಿ ನೋವು ತಡೆಯಲಾರದೆ. ಅವಳೊಬ್ಬಳೇ ಅಲ್ಲ. ಕರ್ನಾಟಕದಲ್ಲಿ 2012ರ ಗಣತಿಯಲ್ಲಿ ಸುಮಾರು 35 ಲಕ್ಷ ಇದ್ದ ಎಮ್ಮೆ 2019ರ ಹೊತ್ತಿಗೆ ಸುಮಾರು 30 ಲಕ್ಷಕ್ಕೆ ಇಳಿದಿತ್ತು. ಹೆಚ್ಚು ಹಾಲಿನ ಸೀಮೆಹಸು ಬಂತು, ಗೋಮಾಳ ಹೋಯಿತು, ಕೆರೆ ಒಣಗಿತು. ಕರೆಯುವ ಕೈಗಳಿಗೆ ವಯಸ್ಸಾಯಿತು.

"ಎಮ್ಮೆಯಿಂದ ಎಷ್ಟು ಲಾಭ ಬಂತು ಅಕ್ಕ?" ಎಂದೆ.

"ಲಾಭ ಗೀಭ ನಂಗೊತ್ತಿಲ್ಲ ಕಣೋ. ಮೇಲೆ ನೋಡು, ಹೆಂಚು ಹಾಕ್ಸಿದ್ದು ಅದು. ಇವನ ಸ್ಕೂಲ್ ಫೀಸು ಅದು" ಎಂದಳು. ಆಮೇಲೆ ತಾನೇ ನಕ್ಕಳು. ಅವಳು ಆಸ್ಪತ್ರೆಯಲ್ಲಿದ್ದ ನಾಲ್ಕು ದಿನ ಎಮ್ಮೆ ಯಾರಿಗೂ ಸೊರೆ ಬಿಡಲಿಲ್ಲವಂತೆ. ಕೆಚ್ಚಲು ಕಲ್ಲಾಗಿದೆ, ಹತ್ತಿರ ಹೋದರೆ ಒದೆಯುತ್ತದೆ. ಕೊನೆಗೆ ನಮ್ಮ ಭಾವ, ಊರ ಪಂಚಾಯಿತಿಯಲ್ಲಿ ಮೀಸೆ ತಿರುವಿ ಮಾತಾಡುವ ಮನುಷ್ಯ, ಅಕ್ಕನ ಹಳೇ ಸೀರೆ ಮೈತುಂಬ ಹೊದ್ದು ಚೊಂಬು ಹಿಡಿದು ಕೂತರಂತೆ. ಎಮ್ಮೆ ಮೂಸಿ ನೋಡಿ ಹಾಲು ಬಿಟ್ಟಿತು!

ಮಗ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ. "ಹತ್ತು ಎಮ್ಮೆ ತರ್ತಾನಂತೆ" ಎಂದೆ. ಅಕ್ಕ ಅವನ ಕೈ ಹಿಡಿದು ಅಂಗೈ ತಿರುಗಿಸಿ ನೋಡಿದಳು. "ಈ ಕೈಲಿ ಒಂದು ಹೊತ್ತಿಗೆ ಒಂದು ಎಮ್ಮೆ ಕರೀಲಿ ನೋಡಾಣ" ಎಂದಳು. ಬೆಳಗ್ಗೆ ನಾಲ್ಕೂವರೆಗೆ ಏಳುವವರು ಯಾರು, ಮದುವೆ ಮುಂಜಿಗೆ ಹೋದರೆ ಸಂಜೆ ಆರಕ್ಕೆ ಓಡಿ ಬರುವವರು ಯಾರು ಎಂಬುದಕ್ಕೆ ಆಟದಲ್ಲೂ ಕಾಲಂ ಇಲ್ಲ, ನನ್ನ ಪಾಸ್‌ಬುಕ್ಕಿನಲ್ಲೂ ಇಲ್ಲ, ಬ್ಯಾಂಕಿನ ಅರ್ಜಿಯಲ್ಲೂ ಇಲ್ಲ. ಅದು ಅಕ್ಕನ ಮಂಡಿಯಲ್ಲಿ ಮಾತ್ರ ಬರೆದಿದೆ.

ಹತ್ತು ಎಮ್ಮೆಯ ಅರ್ಜಿಗೆ ನಾನು ರುಜು ಹಾಕಲಿಲ್ಲ. ಎರಡು ಎಮ್ಮೆಗೆ ಹಾಕುತ್ತೇನೆ ಎಂದಿದ್ದೇನೆ, ಅದೂ ಮೂರು ತಿಂಗಳು ಪಕ್ಕದ ಮನೆಯವರ ಕೊಟ್ಟಿಗೆಯಲ್ಲಿ ಎರಡು ಹೊತ್ತೂ ಕೂತು ಕರೆದು ತೋರಿಸಿದ ಮೇಲೆ. ಮುಖ ಊದಿಸಿಕೊಂಡು ಹೋದ. ಭಾವನಿಗೂ ಸ್ವಲ್ಪ ಬೇಸರ ಇದೆ, ಮಾವನಾದವನು ಧೈರ್ಯ ಕೊಡಬೇಕಿತ್ತು ಎಂದು. ಇರಲಿ. ಮನೆಯ ಪತ್ರ ಬ್ಯಾಂಕಿನಲ್ಲಿ ಕೂತಮೇಲೆ ಬರುವ ಬೇಸರಕ್ಕಿಂತ ಇದು ಅಗ್ಗ.

ಅವನಿಗೆಂದು ನಾನೇ ಒಂದು ಪುಸ್ತಕ ಛಾಪಿಸಿಕೊಟ್ಟೆ, ನೂರು ಹಾಳೆ, ಕಾಲಂ ಹದಿನೇಳು. ಹಾಲು, ಫ್ಯಾಟು, ದರ ಎಲ್ಲ ಇದ್ದದ್ದೇ. ಅದರ ಪಕ್ಕ ಹಿಂಡಿ, ಬೂಸಾ, ಒಣಮೇವು, ಔಷಧಿ, ಬೆದೆ ಕಂಡ ದಿನ, ಇಂಜೆಕ್ಷನ್ ಕೊಟ್ಟ ದಿನ, ಕರು ಕುಡಿದದ್ದು, ಸಗಣಿ ಎಷ್ಟು ಮಂಕರಿ. ಕೊನೆಯ ಕಾಲಂ "ಕರೆದವರು ಯಾರು". ಸುತ್ತಲಿನ ಸಂಘದವರು ಯಾರಾದರೂ ಬೇಕೆಂದರೆ ಮಾದರಿ ಪ್ರೆಸ್ಸಿನಲ್ಲಿ ಇದೆ, ಬಂದು ನೋಡಬಹುದು, ಕಾಗದದ ಖರ್ಚು ಕೊಟ್ಟರೆ ಸಾಕು. ಕಂಪ್ಯೂಟರ್ ಬಲ್ಲ ಕನ್ನಡದ ಹುಡುಗರಿಗೂ ಒಂದು ಮಾತು. ಈ ಆಟಕ್ಕೆ ಹೊರಗಿನವರೂ ತಮ್ಮದೇ ತುಂಡುಗಳನ್ನು ಮಾಡಿ ಸೇರಿಸಬಹುದು, ಜಗತ್ತಿನಾದ್ಯಂತ ಹುಡುಗರು ಸೇರಿಸುತ್ತಿದ್ದಾರೆ. ಸೂಲು, ಗಬ್ಬ, ಬತ್ತುವುದು, ಫ್ಯಾಟು ಇರುವ ಒಂದು ಕನ್ನಡದ ಎಮ್ಮೆಯನ್ನು ಯಾರಾದರೂ ಕಟ್ಟುವುದಾದರೆ ಪದಗಳನ್ನು ಅಕ್ಕನ ಬಾಯಿಂದ ಬರೆಸಿ ಕೊಡುವ ಕೆಲಸ ನನ್ನದು.

ಹೋದ ವಾರ ಹುಡುಗ ಪ್ರೆಸ್ಸಿಗೆ ಬಂದಿದ್ದ. ಪುಸ್ತಕದಲ್ಲಿ ಹನ್ನೊಂದು ದಿನ ತುಂಬಿದೆ. ಮೊದಲ ಒಂಬತ್ತು ದಿನ "ಕರೆದವರು ಯಾರು" ಎಂಬಲ್ಲಿ ಪಕ್ಕದ ಮನೆ ಅಜ್ಜಿಯ ಹೆಸರು. ಹತ್ತನೇ ದಿನ ಸಂಜೆ ತನ್ನ ಹೆಸರು ಬರೆದು, ಲೀಟರಿನ ಕಾಲಮಿನಲ್ಲಿ "ಅರ್ಧ, ಉಳಿದದ್ದು ಒದ್ದು ಚೆಲ್ಲಿತು" ಎಂದು ಬರೆದಿದ್ದಾನೆ.